ಉಪಗ್ರಹಚಿತ್ರಗಳಲ್ಲಿ ಹೊಗೆ, ಧೂಳು, ಮಂಜುಗಳ ವಿವೇಚನೆ

ತರ್ಕಶಾಸ್ತ್ರವನ್ನು ಎಷ್ಟೇ ಸ್ವಲ್ಪವಾಗಿ ಓದಿದವರಿಗೂ ಬೆಟ್ಟದ ಮೇಲಣ ಹೊಗೆಯ ಪರಿಚಯವಿದ್ದೇ ಇರುತ್ತದೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನಪ್ರಮಾಣಕ್ಕೆ ಹೇಳಿಕೊಡುವ ಮೊದಲನೆಯ ಉದಾಹರಣೆ. ಅನೇಕರಿಗೆ ಅದೇ ಕೊನೆಯದೂ ಆಗಿ ಉಳಿಯುವುದುಂಟು. ಬಹುಕಾಲದಿಂದ ಈ ಪಾಠವನ್ನು ಹೇಳುತ್ತ ಬಂದಿರುವ ನಾನು, ಇದರಲ್ಲಿ ಹೊಸದಾಗಿ ತಿಳಿಯಬೇಕಾದದ್ದು ಏನೂ ಇಲ್ಲವೆಂದೇ ಭಾವಿಸಿದ್ದೆನು. ಕೆಲವು ಕಾಲದ ಹಿಂದೆ ಒಬ್ಬ ವಿದ್ಯಾರ್ಥಿಯು ಪಾಠ ಮುಗಿದ ಮೇಲೆ ಉಪಗ್ರಹವೊಂದು ತೆಗೆದ ಚಿತ್ರವನ್ನು ತಂದು ನನ್ನ ಮುಂದಿಟ್ಟನು. ಪಾಕಿಸ್ತಾನದ ತೀರದಿಂದ ಹೊರಟು ಅರಬ್ಬೀ ಸಮುದ್ರದ ನೀಲಿಯ ಮೇಲೆ ಮಸಕಾದ ಪಟ್ಟೆಯೊಂದು ಹರಡಿತ್ತು. “ಇದು ಹೊಗೆಯೋ ಧೂಳೋ, ಗುರುಗಳೇ?” ಎಂದು ಕೇಳಿದನು. ನಾನು ಹಿಂದುಮುಂದು ನೋಡದೆ ಹೊಗೆಯೆಂದುಬಿಟ್ಟೆನು. ಅದು ಧೂಳಾಗಿತ್ತು. ಆ ತಪ್ಪಿನ ಬೆನ್ನು ಹಿಡಿದು ಹೋದಾಗ ತಿಳಿದುಬಂದ ಸಂಗತಿಗಳನ್ನು ವಾಚಕರ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ನನ್ನ ತಪ್ಪು ಹೊಸದೇನೂ ಅಲ್ಲ. ಪ್ರಶಸ್ತಪಾದರು ಪದಾರ್ಥಧರ್ಮಸಂಗ್ರಹದಲ್ಲಿ ಅಸಿದ್ಧವೆಂಬ ಹೇತ್ವಾಭಾಸವನ್ನು ನಾಲ್ಕು ಬಗೆಯಾಗಿ ವಿಭಾಗಿಸಿ, ತದ್ಭಾವಾಸಿದ್ಧವೆಂಬ ಬಗೆಗೆ ಕೊಟ್ಟಿರುವ ಉದಾಹರಣೆಯು ಇದೇ: ಬೆಂಕಿಯನ್ನು ಸಾಧಿಸಹೊರಟವನು ಬಾಷ್ಪವನ್ನು ಹೊಗೆಯೆಂದು ಬಗೆದು ಹೇತುವಾಗಿ ಒಡ್ಡುವುದು. ಮುಂದಿನ ತಾರ್ಕಿಕರು ಧೂಳಿಪಟಲವನ್ನೂ ಇದೇ ಸಾಲಿಗೆ ಸೇರಿಸಿದರು. ಇದು ಒಂದು ತೊಡಕು. ಎರಡನೆಯದು ಗೋಪಾಲಘಟಿಕೆಯದು. ದನಗಾಹಿಯ ಗಡಿಗೆಯಲ್ಲಿ ಬೆಂಕಿಯು ಆರಿಹೋದ ಮೇಲೆಯೂ ಹೊಗೆಯು ತುಂಬಿಕೊಂಡಿರುತ್ತದೆ. ಅಲ್ಲಿ ಹೊಗೆಯುಂಟು, ಬೆಂಕಿಯಿಲ್ಲ. ಹಾಗಾದರೆ ವ್ಯಾಪ್ತಿಯೇ ಮುರಿದುಬಿತ್ತಲ್ಲವೆ? ಈ ಆಕ್ಷೇಪಕ್ಕೆ ಎಡೆಯಾಗದಂತೆಯೇ ಕೇಶವಮಿಶ್ರನು ತರ್ಕಭಾಷೆಯಲ್ಲಿ ಬೆಟ್ಟದ ಹೊಗೆಗೆ ‘ಅವಿಚ್ಛಿನ್ನಮೂಲ’ ಎಂಬ ವಿಶೇಷಣವನ್ನು ಕೊಟ್ಟಿದ್ದಾನೆ. ಬುಡ ಕಡಿಯದೆ ನೆಲದಿಂದ ಎದ್ದುಬರುತ್ತಿರುವ ಹೊಗೆಯೇ ಬೆಂಕಿಗೆ ಸಾಕ್ಷಿ. ಬುಡ ಕಡಿದು ಅಲೆಯುವ ಹೊಗೆಯು ತಾನಿರುವ ಎಡೆಯಲ್ಲಿ ಬೆಂಕಿಯನ್ನು ಸಾಧಿಸಲಾರದು.

ಕಂಡದ್ದು ನಿಜವಾಗಿ ಹೊಗೆಯೇ ಎಂಬುದು ಮೊದಲನೆಯ ಪ್ರಶ್ನೆ. ಹೊಗೆಯಾದರೆ ಅದರ ಬುಡ ಎಲ್ಲಿ ಎಂಬುದು ಎರಡನೆಯದು. ಉಪಗ್ರಹಗಳಿಂದ ಹೊಗೆ ಧೂಳುಗಳ ಜಾಡನ್ನು ಹಿಡಿಯುವ ವಿದ್ಯೆಯು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳ ಉತ್ತರವೇ ಆಗಿದೆಯೆಂದು ನನಗೆ ತೋರುತ್ತದೆ.

ಉಪಗ್ರಹಗಳು ಇಲ್ಲದಿದ್ದಾಗಿನ ಸ್ಥಿತಿಯನ್ನು ಮೊದಲು ನೋಡೋಣ. 1950ನೆಯ ಇಸವಿ ಸೆಪ್ಟೆಂಬರು 24ನೆಯ ತಾರೀಖು ಭಾನುವಾರ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿಯೂ ಅಮೆರಿಕಾ ದೇಶದ ಈಶಾನ್ಯ ಭಾಗದಲ್ಲಿಯೂ ನಡುಹಗಲಿನಲ್ಲೇ ಕತ್ತಲೆ ಕವಿದು, ಜನರು ಮನೆಗಳಲ್ಲಿ ದೀಪ ಹಾಕಿಕೊಳ್ಳಬೇಕಾಯಿತು. ಅಣುಬಾಂಬು ಬಿದ್ದಿತೋ ಎಂದು ಹೆದರಿದವರೂ ಉಂಟು. ಎರಡು ದಿನಗಳ ತರುವಾಯ, 26ರಂದು, ಸಾಗರದ ಆಚೆಯ ಸ್ಕಾಟ್ಲೆಂಡಿನ ಜನರು ನೀಲಿ ಬಣ್ಣದ ಸೂರ್ಯನನ್ನು ಕಂಡು ಬೆರಗಾದರು. ಕೆನಡಾದ ಪಶ್ಚಿಮದಲ್ಲಿ, ಆಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾ ಪ್ರಾಂತಗಳ ಗಡಿಯಲ್ಲಿ ಉರಿಯುತ್ತಿದ್ದ ಚಿಂಚಾಗಾ ಕಾಳ್ಗಿಚ್ಚೇ ಇದಕ್ಕೆಲ್ಲ ಕಾರಣ. ಸ್ಕಾಟ್ಲೆಂಡಿಗೂ ಆ ಕಾಡಿಗೂ ಆರು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ. ಹೊಗೆಯ ಕಣಗಳು ಸಾಮಾನ್ಯವಾಗಿ ನೀಲಿ ಬೆಳಕನ್ನು ಹೆಚ್ಚಾಗಿ ಚದರಿಸುವುದರಿಂದ ಸೂರ್ಯನು ಕೆಂಪಾಗಿ ಕಾಣುವುದು ವಾಡಿಕೆ. ಆದರೆ ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವಾಗಿ, ಆ ಗಾತ್ರವು ಕೆಂಪು ಬೆಳಕಿನ ಅಲೆಯುದ್ದಕ್ಕಿಂತ ತುಸು ದೊಡ್ಡದಾಗಿದ್ದಾಗ ಕೆಂಪೇ ಹೆಚ್ಚಾಗಿ ಚದರಿ ನೀಲಿಯು ನೇರವಾಗಿ ಹಾದುಬರುತ್ತದೆ. ಇಷ್ಟನ್ನು ತಿಳಿಯುವುದಕ್ಕೆ ವಿಮಾನದಲ್ಲಿ ಏರಿ ನೋಡಬೇಕಾಯಿತು. ಗಾಳಿಯ ನಕ್ಷೆಗಳನ್ನು ದಿನದಿಂದ ದಿನಕ್ಕೆ ಹಿಂದಕ್ಕೆ ಎಣಿಸಿಕೊಂಡು ಹೋಗಬೇಕಾಯಿತು. ಅಷ್ಟು ಹೊತ್ತಿಗೆ ಹೊಗೆಯು ಹೊರಟುಹೋಗಿತ್ತು.

ಧೂಳಿನ ವಿಚಾರವೂ ಹೀಗೆಯೇ. 1832ನೆಯ ಜನವರಿಯಲ್ಲಿ ಬೀಗಲ್ ಹಡಗು ಕೇಪ್ ವರ್ಡೆ ದ್ವೀಪಗಳ ಬಳಿಯಲ್ಲಿದ್ದಾಗ, ಕೂವೆಮರದ ತುದಿಯ ಗಾಳಿಪಟ್ಟಿಯ ತೆಳುಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಂದುಬಣ್ಣದ ಸಣ್ಣ ಧೂಳನ್ನು ಚಾರ್ಲ್ಸ್ ಡಾರ್ವಿನ್ ತೆಗೆದಿಟ್ಟುಕೊಂಡನು. ಜರ್ಮನಿಯ ಏರೆನ್‌ಬರ್ಗ್ ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಅತಿಸೂಕ್ಷ್ಮಜೀವಿಗಳ ಚಿಪ್ಪುಗಳು ಸಿಕ್ಕಿದವು. ಅವು ಬಹುಮಟ್ಟಿಗೆ ಸಮುದ್ರದವಲ್ಲ, ಸಿಹಿನೀರಿನವು. 1846ರಲ್ಲಿ ಡಾರ್ವಿನ್ನನು ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳ ಮೇಲೆ ಬೀಳುವ ಈ ಧೂಳನ್ನು ಕುರಿತು ಒಂದು ಲೇಖನವನ್ನೇ ಬರೆದನು. ಮರಳುಗಾಡಿನ ಕಡೆಯಿಂದ ಬರುವ ಗಾಳಿಯಲ್ಲಿ ಸಿಹಿನೀರಿನ ಪ್ರಾಣಿಗಳೇಕೆ? ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

1960ನೆಯ ಏಪ್ರಿಲ್ 1ರಂದು ಟೈರೋಸ್ ಎಂಬ ಮೊದಲನೆಯ ಹವಾಮಾನೋಪಗ್ರಹವು ಮೇಲೇರಿತು. ಅಂದಿನಿಂದ ಇಂದಿನವರೆಗಿನ ಉಪಗ್ರಹಗಳ ವಂಶಾವಳಿಯನ್ನು ಇಲ್ಲಿ ಬಿಡಿಸುವುದಿಲ್ಲ. ಅವುಗಳಲ್ಲಿ ಎರಡು ಬಗೆಯುಂಟೆಂಬುದು ತಿಳಿದಿದ್ದರೆ ಸಾಕು. ಕೆಲವು ಏಳೆಂಟುನೂರು ಕಿಲೋಮೀಟರು ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತ, ಒಂದೊಂದು ಪ್ರದೇಶವನ್ನು ದಿನದ ಗೊತ್ತಾದ ಹೊತ್ತಿನಲ್ಲಿ ಹತ್ತಿರದಿಂದ ನೋಡಿ ಹೋಗುತ್ತವೆ. ಇನ್ನು ಕೆಲವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಭೂಮಿಯೊಡನೆಯೇ ತಿರುಗುವುದರಿಂದ, ಒಂದೇ ಎಡೆಯಲ್ಲಿ ನಿಂತಂತೆ ತೋರುತ್ತವೆ. ಮೊದಲನೆಯದರ ನೋಟ ಸೂಕ್ಷ್ಮ, ಆದರೆ ವಿರಳ. ಎರಡನೆಯದರ ನೋಟ ಅಷ್ಟು ಸೂಕ್ಷ್ಮವಲ್ಲ, ಆದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೊಸ ಚಿತ್ರ ಬರುತ್ತದೆ. ನಮ್ಮ ದೇಶದ ಇನ್‌ಸಾಟ್ ಮಾಲೆಯ ಉಪಗ್ರಹಗಳು ಈ ಎರಡನೆಯ ಬಗೆಯವು.

ಮುಖ್ಯವಾದ ಮಾತು ಬಣ್ಣದ್ದು. ನಮ್ಮ ಕಣ್ಣು ಕೆಂಪು, ಹಸುರು, ನೀಲಿ ಎಂಬ ಮೂರರಿಂದಲೇ ಜಗತ್ತಿನ ವರ್ಣಗಳನ್ನೆಲ್ಲ ಕಟ್ಟಿಕೊಳ್ಳುತ್ತದೆ. 1999ರ ಡಿಸೆಂಬರಿನಲ್ಲಿ ಹಾರಿಸಿದ ಟೆರ್ರಾ, 2002ರ ಮೇ ತಿಂಗಳಲ್ಲಿ ಹಾರಿಸಿದ ಆಕ್ವಾ ಎಂಬ ಉಪಗ್ರಹಗಳಲ್ಲಿ ಇಟ್ಟಿರುವ ಮೋಡಿಸ್ ಎಂಬ ಉಪಕರಣಕ್ಕೆ 36 ಬಣ್ಣಗಳು. ಅವುಗಳಲ್ಲಿ ಹೆಚ್ಚಿನವು ನಮಗೆ ಕಾಣದ ಅವಕೆಂಪು ಕಿರಣಗಳು. ನಾನು ಮೂರು ಬಣ್ಣಗಳಲ್ಲಿ ನೋಡಿ ಮೋಸಹೋದೆನು. ಉಳಿದವುಗಳಲ್ಲಿ ನೋಡಿದರೆ ಮೋಸಕ್ಕೆ ಎಡೆ ಕಡಿಮೆ. ಅದು ಹೇಗೆಂದರೆ—

ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಹೊಗೆಯ ಕಣಗಳು ಬಹುಮಟ್ಟಿಗೆ ಒಂದು ಮೈಕ್ರಾನಿಗಿಂತ ಚಿಕ್ಕವು. ಧೂಳಿನ ಕಣಗಳಲ್ಲಿ ಹಲವು ಮೈಕ್ರಾನುಗಳಷ್ಟು ದಪ್ಪನಾದವು ಬೇಕಾದಷ್ಟಿರುತ್ತವೆ. ಬೆಳಕಿನ ಅಲೆಯುದ್ದವು ಕಣದ ಗಾತ್ರಕ್ಕೆ ಸಮೀಪವಾಗಿದ್ದರೆ ಆ ಕಣವು ಅದನ್ನು ಚೆನ್ನಾಗಿ ತಡೆದು ಚದರಿಸುತ್ತದೆ. ಅಲೆಯು ಕಣಕ್ಕಿಂತ ಬಹಳ ಉದ್ದವಾದರೆ ಕಣವನ್ನು ಲೆಕ್ಕಿಸದೆ ಹಾದುಹೋಗುತ್ತದೆ. ಆದ್ದರಿಂದ ನೀಲಿ ಬೆಳಕಿನಲ್ಲಿ ಗೋಡೆಯಂತೆ ಕಾಣುವ ಹೊಗೆಯು, ಎರಡು ಮೈಕ್ರಾನ್ ಅಲೆಯುದ್ದದ ಅವಕೆಂಪಿನಲ್ಲಿ ಹೆಚ್ಚುಕಡಿಮೆ ಮಾಯವಾಗಿ, ಕೆಳಗಿನ ಕಾಡೂ ಸುಟ್ಟ ನೆಲವೂ ಕಾಣಿಸುತ್ತವೆ. ಧೂಳು ಹೀಗೆ ದಾರಿ ಬಿಡುವುದಿಲ್ಲ. ಅಲ್ಲದೆ ಧೂಳಿನಲ್ಲಿರುವ ಕಬ್ಬಿಣದ ಅಂಶವು ನೀಲಿಯನ್ನು ಹೀರಿಕೊಳ್ಳುವುದರಿಂದ ಧೂಳು ಹಳದಿಗೋ ಕಂದಿಗೋ ತಿರುಗುತ್ತದೆ. ನಮ್ಮ ಪ್ರಾಚೀನ ಕವಿಗಳು ಸೇನೆಯ ನಡೆಯನ್ನು ವರ್ಣಿಸುವಲ್ಲಿ ಕೆಂದೂಳಿಯೆಂದೇ ಹೇಳುತ್ತ ಬಂದಿರುವುದು ಬರಿಯ ಕವಿಸಮಯವಲ್ಲವೆಂದಾಯಿತು.

ಸಮುದ್ರದ ಮೇಲಾದರೆ ಇಷ್ಟು ಸಾಕು. ಮರಳುಗಾಡಿನ ಮೇಲೆ ಧೂಳು ಎದ್ದರೆ ನೆಲಕ್ಕೂ ಧೂಳಿಗೂ ಬಣ್ಣ ಒಂದೇ ಆಗಿ ಏನೂ ತಿಳಿಯದು. ಅಲ್ಲಿ ಭೂಮಿಯು ತಾನೇ ಹೊರಸೂಸುವ ಶಾಖದ ಕಿರಣಗಳನ್ನು ಆಶ್ರಯಿಸುತ್ತಾರೆ. ಧೂಳಿನ ಸಿಲಿಕೇಟು ಖನಿಜಗಳು 11 ಮೈಕ್ರಾನಿನ ಕಿರಣವನ್ನು 12 ಮೈಕ್ರಾನಿನದಕ್ಕಿಂತ ಹೆಚ್ಚಾಗಿ ಹೀರುತ್ತವೆ. ಮೇಘದ ನೀರೂ ಹಿಮವೂ ಇದಕ್ಕೆ ತೀರ ವಿರುದ್ಧ. ಮೊದಲನೆಯದರಿಂದ ಎರಡನೆಯದನ್ನು ಕಳೆದಾಗ ಶೇಷವು ಋಣವಾದರೆ ಧೂಳು, ಧನವಾದರೆ ಮೇಘ. ಬಾಷ್ಪಕ್ಕೂ ಧೂಳಿಗೂ ಇರುವ ಭೇದವು ಒಂದು ವ್ಯವಕಲನದಲ್ಲಿ ನಿಂತುಬಿಟ್ಟಿದೆ! ಯೂರೋಪಿನ ಮಿಟಿಯೋಸಾಟ್ ಉಪಗ್ರಹಗಳ ಮಾಪನಗಳಿಂದ ಇದೇ ತತ್ತ್ವದ ಮೇಲೆ ಕಟ್ಟುವ ಚಿತ್ರದಲ್ಲಿ ಧೂಳು ಎದ್ದುಕಾಣುವ ಗುಲಾಬಿ ಬಣ್ಣವನ್ನು ತಾಳುತ್ತದೆ. ವಿದ್ಯಾರ್ಥಿಯು ಆ ದಿನದ ಇಂತಹ ಚಿತ್ರವನ್ನೂ ಆಮೇಲೆ ತಂದು ತೋರಿಸಿದನು. ಪಟ್ಟೆಯೆಲ್ಲ ಗುಲಾಬಿಯಾಗಿತ್ತು, ನಾನು ಸುಮ್ಮನಾದೆನು.

ಹೊಗೆಗಾದರೋ ಇನ್ನೂ ಎರಡು ಸಾಕ್ಷಿಗಳುಂಟು. ಬೆಂಕಿಯ ಸಹಜಾತವಾದ ಕಾರ್ಬನ್ ಮಾನಾಕ್ಸೈಡ್ ಅನಿಲವು ಹೊಗೆಯೊಡನೆ ಸಾಗುತ್ತದೆ, ಧೂಳಿನೊಡನೆ ಸಾಗುವುದಿಲ್ಲ. 2017ರಲ್ಲಿ ಹಾರಿದ ಯೂರೋಪಿನ ಸೆಂಟಿನೆಲ್-5ಪಿ ಉಪಗ್ರಹವು ಅದನ್ನು ಅಳೆಯುತ್ತದೆ. ಎರಡನೆಯದು ಬೆಂಕಿಯೇ. ನೆಲದ ಶಾಖವು ಹತ್ತು ಮೈಕ್ರಾನಿನ ಆಸುಪಾಸಿನಲ್ಲಿ ಹೆಚ್ಚಾಗಿ ಹೊರಡುತ್ತದೆ. ಉರಿಯುವ ಕಾಡಿನದಾದರೆ ನಾಲ್ಕು ಮೈಕ್ರಾನಿನ ಆಸುಪಾಸಿನಲ್ಲಿ. ಆ ಅಲೆಯುದ್ದದಲ್ಲಿ ಬೆಂಕಿಯು ಎಷ್ಟು ಪ್ರಖರವೆಂದರೆ, ಒಂದು ಕಿಲೋಮೀಟರು ಚೌಕದ ಚಿತ್ರಬಿಂದುವಿನಲ್ಲಿ ಅತ್ಯಲ್ಪ ಭಾಗ ಮಾತ್ರ ಉರಿಯುತ್ತಿದ್ದರೂ ಇಡೀ ಬಿಂದು ಬೆಳಗಿಬಿಡುತ್ತದೆ. ಇಲ್ಲಿ ಬೆಂಕಿಯು ಅನುಮಾನದ ವಿಷಯವಾಗಿ ಉಳಿಯದೆ ಪ್ರತ್ಯಕ್ಷದ ವಿಷಯವೇ ಆಯಿತು. 2019ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದ ಕಾಡು ಉರಿದಾಗ ಸುಟ್ಟ ನೆಲದ ವಿಸ್ತಾರವನ್ನು ಅಳೆದದ್ದು ಉಪಗ್ರಹಚಿತ್ರಗಳಿಂದಲೇ.

ಈ ಸಾಧನಗಳೆಲ್ಲ ಸೇರಿ ಕಡಿದ ಬುಡವನ್ನು ಹೇಗೆ ಹುಡುಕಿಕೊಡುತ್ತವೆಂಬುದಕ್ಕೆ 2023ನೆಯ ಇಸವಿಯ ಕೆನಡಾದ ಸಂಗತಿಗಿಂತ ಒಳ್ಳೆಯ ನಿದರ್ಶನವಿಲ್ಲ. ಆ ವರ್ಷ ಆ ದೇಶದಲ್ಲಿ ಸುಮಾರು 1 ಕೋಟಿ 50 ಲಕ್ಷ ಹೆಕ್ಟೇರು ಕಾಡು ಸುಟ್ಟುಹೋಯಿತು. ಜೂನ್ ಮೊದಲಲ್ಲಿ ಕ್ವಿಬೆಕ್ ಪ್ರಾಂತದಲ್ಲಿ ಸಿಡಿಲು ಬಡಿದು ಅನೇಕ ಕಡೆಗಳಲ್ಲಿ ಬೆಂಕಿ ಹತ್ತಿತು. ಅದೇ ಸಮಯದಲ್ಲಿ ಕೆನಡಾದ ಪೂರ್ವತೀರದ ಬಳಿ ಒಂದು ವಾಯುಭಾರಕುಸಿತವು ನೆಲೆನಿಂತು, ತನ್ನ ಸುತ್ತ ಅಪ್ರದಕ್ಷಿಣವಾಗಿ ಗಾಳಿಯನ್ನು ತಿರುಗಿಸುತ್ತ, ಹೊಗೆಯನ್ನು ನೇರವಾಗಿ ದಕ್ಷಿಣಕ್ಕೆ ಇಳಿಸಿತು. ಜೂನ್ 7ರಂದು ನ್ಯೂಯಾರ್ಕ್ ನಗರದ ಆಕಾಶವು ಹಗಲಿನಲ್ಲೇ ಕಿತ್ತಳೆಯ ಬಣ್ಣಕ್ಕೆ ತಿರುಗಿತು. ವಿಮಾನಗಳು ತಡೆದು ನಿಂತವು. 300 ದಾಟಿದರೆ ಅಪಾಯಕರವೆಂದು ಎಣಿಸುವ ವಾಯುಮಾಲಿನ್ಯದ ಸೂಚ್ಯಂಕವು ಅಲ್ಲಿ 400ನ್ನೂ ದಾಟಿತು. ಆ ಮಹಾನಗರವೇ ಒಂದು ಗೋಪಾಲಘಟಿಕೆಯಾಯಿತು: ಹೊಗೆಯುಂಟು, ಬೆಂಕಿಯಿಲ್ಲ. ಆದರೆ 1950ರಂತೆ ಈ ಬಾರಿ ಯಾರೂ ಕಾರಣವನ್ನು ಅರಸುತ್ತ ಕೂರಬೇಕಾಗಲಿಲ್ಲ. ಭೂಸ್ಥಿರ ಉಪಗ್ರಹದ ಚಿತ್ರಗಳನ್ನು ಸಾಲಾಗಿ ಓಡಿಸಿ ನೋಡಿದರೆ, ನೂರಾರು ಕಿಲೋಮೀಟರು ಉತ್ತರದಲ್ಲಿ ಕೆಂಪು ಚುಕ್ಕೆಗಳಾಗಿ ಗುರುತಿಸಿದ ಬೆಂಕಿಗಳೂ, ಅವುಗಳಿಂದ ಎದ್ದು ಬಳುಕುತ್ತ ಬಂದ ಹೊಗೆಯೂ ಒಂದೇ ಚಿತ್ರದಲ್ಲಿ ಇದ್ದವು. ನೆಲದಲ್ಲಿ ನಿಂತವನಿಗೆ ಛಿನ್ನಮೂಲವಾಗಿದ್ದ ಹೊಗೆಯು ಮೇಲಿನಿಂದ ನೋಡಿದಾಗ ಅವಿಚ್ಛಿನ್ನಮೂಲವಾಗಿಯೇ ಇತ್ತು. ಅದೇ ತಿಂಗಳ ಕೊನೆಗೆ ಕೆನಡಾದ ಹೊಗೆಯು ಅಟ್ಲಾಂಟಿಕ್ಕನ್ನು ದಾಟಿ ಯೂರೋಪಿನ ಪಶ್ಚಿಮತೀರವನ್ನು ಮುಟ್ಟಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಮೇಲಿನಿಂದ ತೆಗೆದ ಚಿತ್ರವು ನೆಲದಿಂದ ಆಕಾಶದವರೆಗಿನ ಹೊಗೆಯನ್ನೆಲ್ಲ ಒಟ್ಟಾಗಿ ತೋರಿಸುತ್ತದೆ. ಅದು ಎಂಟು ಕಿಲೋಮೀಟರು ಮೇಲೆ ತೇಲುತ್ತಿದ್ದರೆ ಕೆಳಗಿನವರಿಗೆ ಸೂರ್ಯಾಸ್ತ ಕೆಂಪಾಗಿ ಕಂಡೀತು, ಅಷ್ಟೆ. ಮೂಗಿನ ಮಟ್ಟದಲ್ಲಿದ್ದರೆ ಆಸ್ಪತ್ರೆ ತುಂಬುತ್ತದೆ. ಚಿತ್ರದಲ್ಲಿ ಎರಡೂ ಒಂದೇ ತೆರನಾಗಿ ಕಾಣಬಹುದು. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಒಳತುದಿಯವರೆಗೂ ಇಳಿಯುವುವಾದ್ದರಿಂದ, ಈ ಭೇದವನ್ನರಿಯದೆ ಚಿತ್ರವನ್ನು ಓದುವುದು ಅಪಾಯಕರ. ಎತ್ತರವನ್ನು ಅರಿಯುವುದಕ್ಕಾಗಿಯೇ 2006ರಲ್ಲಿ ಕ್ಯಾಲಿಪ್ಸೋ ಎಂಬ ಉಪಗ್ರಹವನ್ನು ಹಾರಿಸಿದರು; 2023ರವರೆಗೆ ಅದು ಕೆಲಸ ಮಾಡಿತು. ಅದು ಹಸುರು ಲೇಸರ್ ಕಿರಣವನ್ನು ಕೆಳಕ್ಕೆ ಬಿಟ್ಟು, ಮರಳಿ ಬರುವ ಬೆಳಕಿನ ಕಾಲವನ್ನು ಎಣಿಸಿ ಎತ್ತರವನ್ನು ಹೇಳುತ್ತಿತ್ತು. ಅಷ್ಟೇ ಅಲ್ಲದೆ, ಧೂಳಿನ ಕಣವು ಅಂಕುಡೊಂಕಾಗಿರುವುದರಿಂದ ಆ ಬೆಳಕಿನ ಕಂಪನದ ದಿಕ್ಕನ್ನು ಕೆಡಿಸಿ ಕಳುಹಿಸುತ್ತದೆ. ಹೊಗೆಯ ಕಣವು ಸಾಮಾನ್ಯವಾಗಿ ಅಷ್ಟಾಗಿ ಕೆಡಿಸುವುದಿಲ್ಲ. ಹೀಗೆ ಕಣದ ಆಕಾರವೂ ಧೂಮಧೂಳಿವಿವೇಕಕ್ಕೆ ಒದಗಿಬಂದಿತು. 2024ರ ಮೇ ತಿಂಗಳಲ್ಲಿ ಹಾರಿದ ಅರ್ತ್‌ಕೇರ್ ಉಪಗ್ರಹದಲ್ಲಿಯೂ ಇಂತಹ ಲೇಸರ್ ಉಪಕರಣವಿದೆ.

ಎತ್ತರದ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಮಹಾದಾವಾಗ್ನಿಯ ಶಾಖವು ಹೊಗೆಯನ್ನು ಎತ್ತಿ ಎತ್ತಿ ಅದರ ನೆತ್ತಿಯ ಮೇಲೆ ಸಿಡಿಲುಮೋಡವನ್ನೇ ಹುಟ್ಟಿಸುವುದುಂಟು. ಮೇಘದೂತದ ಕವಿಯು ಮೇಘದ ಘಟಕಗಳನ್ನೆಣಿಸುವಾಗ ಹೊಗೆಗೆ ಅಗ್ರಸ್ಥಾನವನ್ನು ಕೊಟ್ಟಿರುವುದನ್ನು ಸಾಹಿತ್ಯದ ಅಧ್ಯಾಪಕರು ಬಲ್ಲರು. ಇಂತಹ ಮೋಡಕ್ಕೆ ಅದು ಅಕ್ಷರಶಃ ಸಲ್ಲುತ್ತದೆ. 2019ರ ಕೊನೆಯಲ್ಲಿಯೂ 2020ರ ಮೊದಲಿನಲ್ಲಿಯೂ ಆಸ್ಟ್ರೇಲಿಯಾದಲ್ಲಿ ಹೀಗೆ ಹುಟ್ಟಿದ ಮೋಡಗಳು ಹೊಗೆಯನ್ನು ಸ್ತರಗೋಳಕ್ಕೆ ತಳ್ಳಿದವು. ಅಲ್ಲಿ ಆ ಕರಿಯ ಕಣಗಳು ಬಿಸಿಲನ್ನು ಹೀರಿ, ಸುತ್ತಣ ಗಾಳಿಯನ್ನು ಕಾಯಿಸಿದುದರಿಂದ, ಸುಮಾರು ಸಾವಿರ ಕಿಲೋಮೀಟರು ಅಗಲದ ಹೊಗೆಯ ಸುಳಿಯೊಂದು ತಾನಾಗಿಯೇ 35 ಕಿಲೋಮೀಟರು ಎತ್ತರದವರೆಗೆ ಏರಿತು. ಲೇಸರ್ ಉಪಕರಣವಿಲ್ಲದಿದ್ದರೆ ಇದನ್ನು ಯಾರೂ ನಂಬುತ್ತಿರಲಿಲ್ಲವೆಂದು ತೋರುತ್ತದೆ.

ಇನ್ನು ಡಾರ್ವಿನ್ನನ ಧೂಳಿನ ಪ್ರಶ್ನೆ. ಆಫ್ರಿಕಾದ ಚಾಡ್ ದೇಶದಲ್ಲಿ ಬೊಡೆಲೆ ಎಂಬ ತಗ್ಗುಪ್ರದೇಶವಿದೆ. ಎರಡು ಬೆಟ್ಟಸಾಲುಗಳ ನಡುವಿನ ಸಂದಿಯಿಂದ ನುಗ್ಗುವ ಗಾಳಿಯು ಅಲ್ಲಿ ವರ್ಷದ ಅನೇಕ ದಿನಗಳಲ್ಲಿ ಧೂಳೆಬ್ಬಿಸುವುದನ್ನು ಉಪಗ್ರಹಗಳು ತೋರಿಸಿಕೊಟ್ಟವು. ಲೋಕದಲ್ಲಿ ಅಷ್ಟು ಧೂಳೇಳುವ ಮತ್ತೊಂದು ಸ್ಥಳವಿಲ್ಲ. ಆ ತಗ್ಗು ಪೂರ್ವಕಾಲದಲ್ಲಿ ಒಂದು ಮಹಾಸರೋವರದ ತಳವಾಗಿತ್ತು; ಅಲ್ಲಿ ಏಳುವುದು ಸಾಮಾನ್ಯವಾದ ಮರಳಲ್ಲ, ಸಿಹಿನೀರಿನ ಡಯಾಟಮ್ ಎಂಬ ಸೂಕ್ಷ್ಮಸಸ್ಯಗಳ ಚಿಪ್ಪಿನ ಪುಡಿ. ಡಾರ್ವಿನ್ನನ ಬಟ್ಟೆಯಲ್ಲಿ ಸಿಕ್ಕಿದ್ದು ಬೊಡೆಲೆಯದೇ ಎಂದು ಸಾಧಿಸಲಾಗದು. ಆದರೆ ಮರಳುಗಾಡಿನ ಗಾಳಿಯಲ್ಲಿ ಸಿಹಿನೀರಿನ ಜೀವಿಗಳಿರುವುದು ಇನ್ನು ಒಗಟಲ್ಲ. ಕ್ಯಾಲಿಪ್ಸೋ ಉಪಗ್ರಹದ 2007ರಿಂದ 2013ರವರೆಗಿನ ಮಾಪನಗಳಿಂದ ವಿದ್ವಾಂಸರು ಇನ್ನೂ ಒಂದು ಲೆಕ್ಕವನ್ನು ತೆಗೆದಿದ್ದಾರೆ. ವರ್ಷಕ್ಕೆ ಸುಮಾರು 18 ಕೋಟಿ ಟನ್ ಧೂಳು ಸಹಾರಾದಿಂದ ಅಟ್ಲಾಂಟಿಕ್ಕಿನ ಮೇಲಕ್ಕೆ ಹೊರಡುತ್ತದೆ. ಅದರಲ್ಲಿ ಸುಮಾರು 2 ಕೋಟಿ 80 ಲಕ್ಷ ಟನ್ ದಕ್ಷಿಣ ಅಮೆರಿಕಾದ ಅಮೆಜಾನ್ ಪ್ರದೇಶದ ಮೇಲೆ ಬೀಳುತ್ತದೆ. ಆ ಧೂಳಿನೊಡನೆ ಸುಮಾರು 22,000 ಟನ್ ರಂಜಕವು ಆ ಮಳೆಕಾಡಿನ ಸಾರಗೆಟ್ಟ ನೆಲಕ್ಕೆ ಗೊಬ್ಬರವಾಗಿ ಸೇರುತ್ತದೆ.

ಕೊನೆಯದಾಗಿ ಉತ್ತರಹಿಂದೂಸ್ತಾನದ ಒಂದು ವಿಷಯ. ಅಕ್ಟೋಬರು ನವೆಂಬರು ತಿಂಗಳುಗಳಲ್ಲಿ ಪಂಜಾಬು, ಹರಿಯಾಣಾ ಪ್ರಾಂತಗಳ ರೈತರು ಭತ್ತದ ಕೂಳೆಗೆ ಬೆಂಕಿಯಿಡುತ್ತಾರೆ. ಆ ಹೊಗೆಯು ದೆಹಲಿಯವರೆಗೂ ಗಂಗಾನದಿಯ ಬಯಲಿನವರೆಗೂ ಹಬ್ಬಿ ಚಳಿಗಾಲದ ಮಂಜಿನೊಡನೆ ಬೆರೆಯುತ್ತದೆ. ಪ್ರಶಸ್ತಪಾದರ ಧೂಮಬಾಷ್ಪಗಳು ಇಲ್ಲಿ ಬೇರ್ಪಡಿಸಲಾರದಷ್ಟು ಕೂಡಿಕೊಂಡಿವೆ. ಎಷ್ಟು ಕಡೆ ಬೆಂಕಿಯಿಟ್ಟರೆಂಬುದನ್ನು ಉಪಗ್ರಹಗಳಿಂದಲೇ ಎಣಿಸಿ, ಆ ಎಣಿಕೆ ಏರಿತೋ ಇಳಿಯಿತೋ ಎಂಬುದರ ಮೇಲೆ ಹೊಗಳಿಕೆ ತೆಗಳಿಕೆಗಳೂ ದಂಡನೆಗಳೂ ನಿಂತಿವೆ. ಈಚಿನ ವರ್ಷಗಳಲ್ಲಿ ಎಣಿಕೆಯು ಬಹಳವಾಗಿ ಇಳಿಯಿತು; ಹೊಗೆಯು ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಎಣಿಸುವ ಧ್ರುವಗಾಮಿ ಉಪಗ್ರಹಗಳು ಆ ಬಯಲಿನ ಮೇಲೆ ಹಾಯುವುದು ಮಧ್ಯಾಹ್ನ ಸುಮಾರು ಒಂದೂವರೆ ಘಂಟೆಗೆ. 2024ರಲ್ಲಿ ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹವೊಂದರ ಚಿತ್ರಗಳನ್ನು ಹೊತ್ತುಹೊತ್ತಿಗೂ ನೋಡಿದಾಗ, ಅವು ಹಾದುಹೋದ ಮೇಲೆ, ಇಳಿಹೊತ್ತಿನಲ್ಲಿ, ಹೊಲಗಳಿಂದ ಹೊಗೆ ಏಳುತ್ತಿದ್ದುದು ಕಂಡುಬಂದಿತು. ಕಾರಣ ಏನೇ ಇರಲಿ. ಪ್ರತ್ಯಕ್ಷವೆಂದು ನಂಬಿದ್ದ ಬೆಂಕಿಯ ಎಣಿಕೆಯೇ ತಪ್ಪಿತ್ತು, ಇದ್ದ ಬೆಂಕಿಯನ್ನು ಹೇಳಿಕೊಟ್ಟದ್ದು ಹೊಗೆ. ಬೆಂಕಿಯನ್ನು ನೇರವಾಗಿ ನೋಡಬಲ್ಲ ಉಪಕರಣಗಳು ಬಂದ ಮೇಲೆಯೂ ಬೆಟ್ಟದ ಹೊಗೆಯ ಪಾಠಕ್ಕೆ ಕೆಲಸ ತಪ್ಪಲಿಲ್ಲ.

ಆದರೆ ಆ ಹೊಗೆಯನ್ನು ಕಾಣುವುದರಲ್ಲಿಯೂ ಯಂತ್ರಗಳು ಎಡವುವುದುಂಟು. ಚಿತ್ರದಲ್ಲಿ ಮೇಘವಿರುವ ಎಡೆಗಳನ್ನು ಮೊದಲು ಬೇರ್ಪಡಿಸಿ ಬಿಟ್ಟು, ಉಳಿದ ಎಡೆಗಳಲ್ಲಿ ಮಾತ್ರ ಹೊಗೆಯ ಪ್ರಮಾಣವನ್ನು ಅಳೆಯುವುದು ಗಣಕದ ಕ್ರಮ. ನವೆಂಬರಿನ ಅತಿದಟ್ಟವಾದ ಹೊಗೆಯನ್ನು ಆ ಕ್ರಮವು ಕೆಲವೊಮ್ಮೆ ಮೇಘವೆಂದೋ ಮಂಜೆಂದೋ ಎಣಿಸಿ ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ಹೀಗಾಗಿ ಎಲ್ಲಿ ಹೊಗೆ ಅತ್ಯಧಿಕವೋ ಅಲ್ಲಿಯೇ ಅಂಕೆ ಇಲ್ಲದ ಖಾಲಿ ಬಿಂದುಗಳು ಉಳಿಯುತ್ತವೆ. ಪ್ರಶಸ್ತಪಾದರದು ಬಾಷ್ಪವನ್ನು ಹೊಗೆಯೆಂದು ತಿಳಿದವನ ಉದಾಹರಣೆ. ಇದು ಹೊಗೆಯನ್ನು ಬಾಷ್ಪವೆಂದು ತಿಳಿಯುವುದು. ಇದಕ್ಕೆ ಯಾವ ಹೇತ್ವಾಭಾಸದ ಹೆಸರು ಒಪ್ಪುವುದೆಂದು ಆ ವಿದ್ಯಾರ್ಥಿಯು ಈಗ ಕೇಳುತ್ತಿದ್ದಾನೆ.